ಸಿಂಧು ಅತ್ತೆಯನ್ನು ತೆಗೆದುಹಾಕಿದ್ದು

2024ರ ಫೆಬ್ರವರಿ 18, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಹಾಲ್ಕುರಿಕೆಯ ಸಿಂಧು ತನ್ನ ಅತ್ತೆಯನ್ನು ತೆಗೆದುಹಾಕಿದಳು. ಅತ್ತೆ ದ್ರಾಕ್ಷಾಯಣಮ್ಮ ಆಗ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಬೆರಳಿಗೆಲ್ಲ ಹಿಟ್ಟು ಮೆತ್ತಿದ್ದರಿಂದ ಫೋನನ್ನು ಮೊಣಕೈಯಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಇದೇನೇ ಸಿಂಧು, ಫೋಟೋ ಹೋಗ್ತಾನೇ ಇಲ್ಲ. ನೆಟ್‌ವರ್ಕ್ ಇಲ್ವಾ?"

"ನೆಟ್‌ವರ್ಕ್ ಇದೆ ಅತ್ತೆ. ನಿಮ್ಮನ್ನ ಗ್ರೂಪಿಂದ ತೆಗೆದಿದಾರೆ."

"ಅದ್ಯಾರೇ ನನ್ನ ತೆಗೆಯೋರು?"

"ಸಿಂಧು ಅಂತ."

"ಯಾವ ಸಿಂಧು?"

"ನಾನೇ ಅತ್ತೆ."

ದ್ರಾಕ್ಷಾಯಣಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿದರು, ಸೊಸೆಗೆ ಇಷ್ಟವೆಂದು ಅದರ ಮೇಲೆ ಬೆಣ್ಣೆಯನ್ನೂ ಇಟ್ಟರು. ತಟ್ಟೆಗೆ ಮಾತ್ರ ಸ್ವಲ್ಪ ಎತ್ತರದಿಂದ ಹಾಕಿದರು.

ಗ್ರೂಪಿನ ಹೆಸರು 'ತೆಂಗು: ಕೀಟ ಮತ್ತು ರೋಗ'. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈ ಮನೆಗೆ ಸೊಸೆಯಾಗಿ ಬಂದ ಸಿಂಧು ಅದನ್ನು ಶುರುಮಾಡಿದ್ದಳು. ಗಂಡ ಜ್ಞಾನೇಶ್ ಮತ್ತು ಮಾವ ವೀರಭದ್ರಯ್ಯ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿರುತ್ತಿದ್ದರು. ತೋಟ ಅವಳ ಪಾಲಿಗೆ ಬಂದಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನವರು ಗ್ರೂಪಿನಲ್ಲಿದ್ದರು. ಕಾಯಿಲೆ ಬಿದ್ದ ಮರದ ಫೋಟೋ, ಮರದ ವಯಸ್ಸು, ಮಣ್ಣು ಯಾವುದು, ನೀರು ಯಾವಾಗ ಬಿಟ್ಟಿದ್ದು, ಇಷ್ಟು ಹಾಕಿದರೆ ಅವಳು ಉತ್ತರ ಕೊಡುತ್ತಿದ್ದಳು. ಶುಭೋದಯ, ಹುಟ್ಟುಹಬ್ಬ, ದೇವರ ಪಟ ಬೇಡವೆಂದು ಮೊದಲೇ ಬರೆದಿದ್ದಳು.

ಮರದ ವಯಸ್ಸು ಕೇಳಿದರೆ "ನಮ್ಮ ದೊಡ್ಡಮ್ಮನ ಮಗಳು ಹುಟ್ಟಿದಾಗ ನೆಟ್ಟಿದ್ದು, ಆ ಹುಡುಗಿಗೆ ಈಗ ಎರಡು ಮಕ್ಕಳು" ಎಂದು ಉತ್ತರ ಬರುತ್ತಿತ್ತು. ಅದನ್ನೂ ಅವಳು ತಾಳ್ಮೆಯಿಂದ ವರ್ಷಕ್ಕೆ ಇಳಿಸಿಕೊಳ್ಳುತ್ತಿದ್ದಳು. ಆದರೆ ಅಂದು ಸಂಪಿಗೆ ಊರಿನ ತಿಲಕ್ ಎಂಬ ಯುವಕ ನಸುಕಿನಲ್ಲೇ ಸುಳಿ ಕೊಳೆತ ಗಿಡದ ಫೋಟೋ ಹಾಕಿದ್ದ. ಅವಳು ಎದ್ದು ನೋಡುವಷ್ಟರಲ್ಲಿ ಅದರ ಮೇಲೆ ಗುಲಾಬಿ, ಸೂರ್ಯೋದಯ, ಹಂಸದ ಜೋಡಿಗಳ ರಾಶಿ ಬಿದ್ದಿತ್ತು. ಎಲ್ಲಕ್ಕಿಂತ ಮೇಲೆ ಅತ್ತೆ ಕಳಿಸಿದ ಪಟ: ಚಹಾ ಲೋಟದ ಹಬೆಯಲ್ಲಿ ಶಿವ. ಎರಡು ಸಲ ಎಚ್ಚರಿಕೆ ಕೊಟ್ಟಾಗಿತ್ತು. ಮನೆಯವರಿಗೊಂದು, ಹೊರಗಿನವರಿಗೊಂದು ಎಂದಾದರೆ ಅದು ನಿಯಮವೇ ಅಲ್ಲ ಎಂಬುದು ಸಿಂಧುವಿನ ವಾದ. ತರ್ಕದಲ್ಲಿ ದೋಷವಿರಲಿಲ್ಲ.

ಏಳು ಗಂಟೆಗೆ ಶೆಟ್ಟಿಕೆರೆಯಿಂದ ದ್ರಾಕ್ಷಾಯಣಮ್ಮನ ಗೆಳತಿ ಚಿಕ್ಕಗೌರಮ್ಮ ಫೋನ್ ಮಾಡಿದರು. ಕೈಗೆ ಇನ್ನೂ ಹಿಟ್ಟಿದ್ದುದರಿಂದ ಸ್ಪೀಕರ್ ಹಾಕಿಯೇ ಮಾತು.

"ಏನಕ್ಕಾ ಇದು! ಪಂಕ್ತೀಲಿ ಕೂತೋರ ಮುಂದಿನ ಎಲೆ ಎಳ್ದಂಗಾಯ್ತಲ್ಲ!"

"ಹೋಗ್ಲಿ ಬುಡು ಗೌರಮ್ಮ. ಓದಿರೋ ಹುಡುಗಿ. ಇಲ್ಲೇ ಕೂತು ರೊಟ್ಟಿ ತಿಂತಾವ್ಳೆ."

"ತಿನ್ಲಿ ತಿನ್ಲಿ. ಬೆಣ್ಣೆ ಹಾಕಿದ್ಯಾ?"

"ಹಾಕಿದೀನಿ."

"ನಿಂಗೆ ಬುದ್ಧಿ ಇಲ್ಲ ಕಣಕ್ಕ."

ಈ ಸೀಮೆಯಲ್ಲಿ ಊಟದ ಪಂಕ್ತಿಗೆ ಕೂತವರು ಒಟ್ಟಿಗೆ ಏಳುತ್ತಾರೆ. ನಡುವೆ ಒಬ್ಬರನ್ನು ಎಬ್ಬಿಸಿದರೆ ಪಕ್ಕದವರು ಸಾರನ್ನ ಕಲೆಸುವುದನ್ನು ಅಲ್ಲಿಗೇ ನಿಲ್ಲಿಸಿ, ಎಲೆ ಮಡಿಸಿ, ತಾವೂ ಏಳುತ್ತಾರೆ. ಜಗಳವಿಲ್ಲ, ಕೂಗಾಟವಿಲ್ಲ. ಸುಮ್ಮನೆ ಏಳುತ್ತಾರೆ. ಗ್ರೂಪಿನಲ್ಲೂ ಹಾಗೇ ಆಯಿತು. ಮೊದಲು ಚಿಕ್ಕಗೌರಮ್ಮ ಹೋದರು, ಆಮೇಲೆ ಪಕ್ಕದ ತೋಟದ ಹನುಮಂತಯ್ಯ, ಆಮೇಲೆ ಬೀದಿಗೆ ಬೀದಿಯೇ ಹೋಯಿತು. ಇನ್ನೂರಕ್ಕೂ ಹೆಚ್ಚಿದ್ದ ಬಳಗದಲ್ಲಿ ವಾರ ಕಳೆಯುವಷ್ಟರಲ್ಲಿ ಅರವತ್ತಮೂರು ಜನ ಉಳಿದರು. ಸಿಂಧುವಿಗೆ ಬೇಸರವಾಗಲಿಲ್ಲ. ಈಗ ಮೇಲಿನಿಂದ ಕೆಳಗಿನವರೆಗೆ ಬರೀ ರೋಗಗಳು ಕಾಣುತ್ತಿದ್ದವು.

ಎಂಟನೇ ದಿನ ಅತ್ತೆ ಫೋನ್ ಹಿಡಿದುಕೊಂಡು ಬಂದರು.

"ಸಿಂಧು, ಒಂದು ಗ್ರೂಪ್ ಮಾಡ್ಕೊಡೇ. ನಂಗೆ ಬರಲ್ಲ."

"ಏನ್ ಹೆಸರಿಡ್ಲಿ ಅತ್ತೆ?"

"ಊಟ ಆಯ್ತಾ."

ಸಿಂಧು ಹೆಸರಿಟ್ಟಳು, ಅತ್ತೆ ಹೇಳಿದವರನ್ನೆಲ್ಲ ಸೇರಿಸಿದಳು, ಅತ್ತೆಯನ್ನೇ ಅಡ್ಮಿನ್ ಮಾಡಿದಳು.

"ನಾನೂ ಇರ್ಲಾ ಅತ್ತೆ?"

"ಬ್ಯಾಡ ಕಣಮ್ಮ, ನಿಂಗೆ ಡಿಸ್ಟರ್ಬ್ ಆಯ್ತದೆ."

ಮಾರ್ಚ್ ಮೊದಲ ವಾರ ಸಿಂಧು ತೋಟದ ದಕ್ಷಿಣದ ಅಂಚಿಗೆ ಹೋದಾಗ ಕೆಳಗಿನ ಗರಿಗಳು ಬೆಂಕಿ ತಾಗಿದಂತೆ ಕಂದಿದ್ದವು. ಒಂದನ್ನು ಕತ್ತರಿಸಿ ಮಗುಚಿ ನೋಡಿದಳು. ಹಿಕ್ಕೆ ಮತ್ತು ನೂಲು ಸೇರಿಸಿ ನೇಯ್ದ ಸುರಂಗಗಳು, ಒಳಗೆ ಕಪ್ಪುತಲೆ ಹುಳು. ದಿಂಡಿನ ಎರಡೂ ಬದಿಯ ಎಲೆಗರಿಗಳಲ್ಲಿ ನೂರನ್ನು ಎಣಿಸಿದಳು. ಜೀವಂತ ಹುಳು ನಲವತ್ತೇಳು. ಈ ಹುಳು ಮರವನ್ನು ಕೊಲ್ಲುವುದಿಲ್ಲ. ಗರಿಯ ಹಸಿರನ್ನು ಕೆರೆದು ತಿಂದು ಮರವನ್ನು ಸೊರಗಿಸುತ್ತದೆ. ಆಮೇಲೆ ಎರಡು ಮೂರು ವರ್ಷ ಫಸಲು ಕೈಗೆ ಬರುವುದಿಲ್ಲ. ದಕ್ಷಿಣದ ಅಂಚಿನಲ್ಲಿದ್ದುದು ತೋಟದ ಒಳ್ಳೆಯ ಮರಗಳು, ಸಿಂಧು ಸ್ವತಃ ಗೊಬ್ಬರ ಲೆಕ್ಕಹಾಕಿ ಮೇಲೆತ್ತಿದವು.

ಪರಿಹಾರ ಅವಳಿಗೆ ಗೊತ್ತಿತ್ತು. ಇರುವೆಯಷ್ಟೇ ಸಣ್ಣ ಕಣಜವೊಂದಿದೆ. ಹುಳುವನ್ನು ಕುಟುಕಿ ಮಲಗಿಸಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ, ಹೊರಬಂದ ಮರಿಗಳು ಆ ಹುಳುವನ್ನೇ ತಿಂದು ಮುಗಿಸುತ್ತವೆ. ಈ ಕಣಜ ಸಾಕುವ ಪ್ರಯೋಗಾಲಯದವರು ಗುರುವಾರದ ಹೊತ್ತಿಗೆ ಕೊಡುತ್ತೇವೆ ಎಂದರು. ಆದರೆ ಒಂದೇ ತೋಟಕ್ಕೆ ಬಿಟ್ಟು ಪ್ರಯೋಜನವಿಲ್ಲ, ಪಕ್ಕದ ತೋಟದಿಂದ ಈ ಹುಳುವಿನ ಪತಂಗಗಳು ಮತ್ತೆ ಬರುತ್ತವೆ. ಸುತ್ತಲಿನ ಹನ್ನೊಂದು ತೋಟಗಳಲ್ಲೂ ಒಂದೇ ಸಂಜೆ ಬಿಡಬೇಕು, ಯಾರೂ ಔಷಧಿ ಹೊಡೆಯಬಾರದು. ಯಾರಾದರೂ ಹೊಡೆದರೆ ಮೊದಲು ಸಾಯುವುದು ಕಣಜವೇ.

ತನ್ನ ಗ್ರೂಪಿನಲ್ಲಿ ಬರೆದಳು. ಅಚ್ಚುಕಟ್ಟಾಗಿ, ಕಾರಣ ಸಹಿತ, ಚಿತ್ರ ಸಹಿತ. ನೀಲಿ ಗೀಟುಗಳು ಬಂದವು. ಒಂದು ಹೆಬ್ಬೆರಳೂ ಬಂತು. ಅದು ಸಂಪಿಗೆಯ ತಿಲಕನದು. ಅವನ ತೋಟ ಇನ್ನೊಂದು ತಾಲ್ಲೂಕಿನಲ್ಲಿತ್ತು. ಸುತ್ತಲಿನ ಹನ್ನೊಂದು ತೋಟದವರಲ್ಲಿ ಒಬ್ಬರೂ ಈಗ ಗ್ರೂಪಿನಲ್ಲಿರಲಿಲ್ಲ.

ಸ್ಕೂಟರ್ ಹತ್ತಿ ಹನುಮಂತಯ್ಯನ ಮನೆಗೆ ಹೋದಳು. ಅವರು ಹಸುವಿಗೆ ಹಿಂಡಿ ಕಲೆಸುತ್ತಿದ್ದರು.

"ಗ್ರೂಪ್ ಯಾಕೆ ಬಿಟ್ರಿ ಹನುಮಂತಯ್ಯನೋರೆ?"

"ಅಲ್ಲಿ ಕೆಮ್ಮಂಗೂ ಇರ್ಲಿಲ್ಲ ಕಣವ್ವಾ. ನನ್ ಹಸ ಕರ ಹಾಕ್ತು ಅಂತ ಹಾಕಿದ್ರೆ ನೀನು 'ಕರು ಕೀಟವೂ ಅಲ್ಲ ರೋಗವೂ ಅಲ್ಲ' ಅಂದೆ."

ಅಂದಿದ್ದು ನಿಜ. ಸಿಂಧು ಕಣಜದ ವಿಷಯ ಹೇಳಿದಳು. ಹನುಮಂತಯ್ಯ ಪೂರ್ತಿ ಕೇಳಿಸಿಕೊಂಡರು, ಕೈ ತೊಳೆದರು.

"ದುಡ್ಡು ಕೊಟ್ಟು ನೊಣ ತಂದು ತೋಟಕ್ಕೆ ಬುಡೋದಾ? ನೋಡಾನ. ದ್ರಾಕ್ಷಾಯಣಕ್ಕ ಏನಂತಾರೆ?"

ಮೂರು ಮನೆ ತಿರುಗಿದಳು. ಮೂರು ಕಡೆಯೂ ಕಾಫಿ ಕೊಟ್ಟರು, ಮೂರು ಕಡೆಯೂ ಅದೇ ಮಾತು. ಮಧ್ಯಾಹ್ನ ಅತ್ತೆಯ ಮುಂದೆ ನಿಂತಳು.

"ಅತ್ತೆ, ನಿಮ್ಮ ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ತೀರಾ? ಬರ್ದು ಕೊಡ್ತೀನಿ."

"ನಾನ್ಯಾಕೆ ಹಾಕ್ಲಿ? ನಿನ್ ನೊಣ, ನೀನೇ ಬಂದು ಹೇಳು." ದ್ರಾಕ್ಷಾಯಣಮ್ಮ ಹೊಸದಾಗಿ ಕಲಿತಿದ್ದ ವಿದ್ಯೆಯಿಂದ, ತೋರುಬೆರಳೊಂದರಿಂದಲೇ ಅವಳನ್ನು ಸೇರಿಸಿದರು. "ನಮ್ಮಲ್ಲೂ ನಿಯಮ ಐತೆ ಮತ್ತೆ. ಊಟ ಆಯ್ತಾ ಅಂತ ಕೇಳ್ದೆ ಯಾರೂ ರೋಗದ ಮಾತು ಎತ್ತಂಗಿಲ್ಲ."

"ಕೇಳಿದ್ಮೇಲೆ?"

"ಅವ್ರು ಹೇಳೋಗಂಟ ಕಾಯ್ಬೇಕು."

ಸಿಂಧು ಟೈಪ್ ಮಾಡಿದಳು: ಎಲ್ಲರಿಗೂ ಊಟ ಆಯ್ತಾ?

ಉತ್ತರಗಳು ಬಿದ್ದ ವೇಗಕ್ಕೆ ಫೋನು ಮೇಜಿನ ಮೇಲೆ ಜರುಗಿತು. ಆಯ್ತು. ಆಯ್ತು ಕಣವ್ವ, ನಿಂದಾಯ್ತಾ? ಯಾರ್ ಬಂದವ್ರೆ ನೋಡ್ರಪ್ಪೋ. ಏನ್ ಸಾರು? ಹುರುಳಿಕಾಳು ಎಂದು ಸಿಂಧು ಬರೆದಳು. ಬಸ್ಸಾರಾ, ಮಸಾಲೆ ಸಾರಾ ಎಂದು ಮೂವರು ಕೇಳಿದರು. ಅದರಿಂದ ಹುರುಳಿ ಬೆಲೆ, ಹುರುಳಿಯಿಂದ ಎತ್ತು, ಎತ್ತಿನಿಂದ ಬುಧವಾರ ಚಿಕ್ಕಗೌರಮ್ಮನ ಮೊಮ್ಮಗುವಿನ ನಾಮಕರಣ. ಯಾರು ಬರುತ್ತಾರೆ, ಯಾರು ಬರುವುದಿಲ್ಲ. ಸಿಂಧು ತಾನು ಸಿದ್ಧಪಡಿಸಿದ್ದ ನಾಲ್ಕು ಪ್ಯಾರಾಗಳನ್ನು ಕೈಯಲ್ಲೇ ಹಿಡಿದು ಕಾದಳು. ಹಲ್ಲು ಕಚ್ಚಿಕೊಂಡೇ ಕಾದಳು ಎನ್ನಬೇಕು.

ಆಗ ಹನ್ನೊಂದು ತೋಟಗಳಲ್ಲೊಂದರ ಕೆಂಪಕ್ಕನ ಧ್ವನಿ ಸಂದೇಶ ಬಂತು. "ಗೌರಮ್ಮ, ಬುಧವಾರ ನಾವ್ ಬರಕ್ಕಾಗಲ್ಲ ಕಣಮ್ಮ, ಬೇಜಾರ್ ಮಾಡ್ಕಬ್ಯಾಡ. ತೋಟಕ್ಕೆ ಔಷಧಿ ಹೊಡೆಯೋರು ಅವತ್ತೇ ಬತ್ತಾರೆ. ಮಗೂಗೆ ಬಟ್ಟೆ ಕಳಿಸ್ತೀನಿ."

ಸಿಂಧು ಎದ್ದು ನಿಂತಳು. ಬುಧವಾರ ಔಷಧಿ, ಗುರುವಾರ ಕಣಜ. ತನ್ನ ಗ್ರೂಪಿನಲ್ಲಿ ಯಾರು ಯಾವಾಗ ಔಷಧಿ ಹೊಡೆಯುತ್ತೀರಿ ಎಂದು ಎಷ್ಟೋ ಸಲ ಕೇಳಿದ್ದಳು, ಒಬ್ಬರೂ ಹೇಳಿರಲಿಲ್ಲ. ಇಲ್ಲಿ ಒಂದು ಊಟ ತಪ್ಪಿಸಿಕೊಳ್ಳುವ ನೆಪದಲ್ಲಿ ಹೊರಬಿತ್ತು.

ನಾಲ್ಕು ಪ್ಯಾರಾ ಅಳಿಸಿದಳು. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದಳು.

"ಕೆಂಪಕ್ಕಾ, ಬುಧವಾರ ಔಷಧಿ ಬೇಡ ಅಕ್ಕ. ದಮ್ಮಯ್ಯ ಅಂತೀನಿ. ನಮ್ಮ ತೋಟಕ್ಕೂ ಹುಳ ಬಿದ್ದಿದೆ, ನಂಗೂ ಭಯ ಇದೆ. ಆದರೆ ನೀವು ಹೊಡೆದ್ರೆ ಹುಳ ಕೊಲ್ಲಕ್ಕೆ ನಾನು ಬಿಡೋ ಕಣಜ ಅಷ್ಟೂ ಸಾಯ್ತವೆ. ನೀವು ನಾಮಕರಣಕ್ಕೆ ಹೋಗಿ ಬನ್ನಿ, ಗುರುವಾರ ಸಂಜೆ ನಾನೇ ಬಂದು ನಿಮ್ಮ ಮರಕ್ಕೆ ಬಿಡ್ತೀನಿ."

ಆ ಮಾತಿನ ಬೆನ್ನಿಗೇ ಕಲ್ಲೇಶ್ ಎಂಬ ಉತ್ಸಾಹಿ ಒಂದು ಹಾಡಿನ ವಿಡಿಯೋ ಹಾಕಿದ. ಅದರ ಹಿಂದೆಯೇ ಇನ್ನೊಂದು. ದ್ರಾಕ್ಷಾಯಣಮ್ಮ ಫೋನನ್ನು ಬಾಯಿಯ ಹತ್ತಿರ ತಂದರು.

"ಲೇ ಕಲ್ಲೇಶ, ಹುಡುಗಿ ಅಷ್ಟು ಹೇಳ್ತಾವ್ಳೆ, ಮಧ್ಯ ಹಾಡು ಹಾಕ್ತೀಯಾ? ಇನ್ನೊಂದು ಹಾಕಿದ್ರೆ ತೆಗೆದೇ ಬುಡ್ತೀನಿ ನೋಡು!"

ಸಿಂಧು ಅತ್ತೆಯ ಮುಖ ನೋಡಿದಳು. ಅತ್ತೆ ನೋಡಲಿಲ್ಲ.

"ಏನೇ ಹಂಗೆ ನೋಡ್ತೀಯಾ? ಅವನಿಗೆ ಹೇಳಿದೀನಿ, ತೆಗೆದಿಲ್ಲ. ಮೊದ್ಲು ಬಯ್ಬೇಕು. ಬಯ್ದ್ರೆ ಯಾರೂ ಎದ್ದೋಗಲ್ಲ."

ಕೆಂಪಕ್ಕನ ಉತ್ತರ ಸಂಜೆ ಬಂತು: ಹೊಡೆಯೋರಿಗೆ ಬ್ಯಾಡ ಅಂದಿದೀನಿ, ನಾಮಕರಣಕ್ಕೆ ಬತ್ತೀನಿ, ಪಾಯಸ ಏನು? ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು.

ಗುರುವಾರ ಗಾಜಿನ ಕೊಳವೆಗಳು ಬಂದವು. ಬಾಯಿಗೆ ಹತ್ತಿ, ಒಳಗೆ ಜೇನುತುಪ್ಪದ ಹನಿ ನೆಕ್ಕುತ್ತಿದ್ದ ಕಣಜಗಳು. ಬಿಸಿಲು ಇಳಿದ ಮೇಲೆ ತೋಟದವರು ತಮ್ಮ ತಮ್ಮ ಮರದ ಬುಡದಲ್ಲಿ ನಿಂತರು. ಕೊಟ್ಟ ಮಾತಿನಂತೆ ಕೆಂಪಕ್ಕನ ಮರಗಳಿಗೆ ಬಿಟ್ಟು ಸಿಂಧು ಬರುವಷ್ಟರಲ್ಲಿ ಹನುಮಂತಯ್ಯ ಮರ ಹತ್ತುವವನನ್ನೂ ಕರೆಸಿದ್ದರು.

"ಹುಳ ಮೇಲಿದ್ರೆ ನೊಣ ಮೇಲೇ ಬುಡ್ಬೇಕು ತಾನೆ?"

"ಬೇಡಿ ಹನುಮಂತಯ್ಯನೋರೆ, ಸುಳಿ ಹತ್ರ ಜೇಡ ಕೂತಿರ್ತವೆ, ಬಿಟ್ಟ ತಕ್ಷಣ ತಿಂತವೆ. ಕಾಂಡದ ಮೇಲೆ ಬಿಡಿ, ಅವೇ ವಾಸನೆ ಹಿಡಿದು ಹತ್ತುತ್ತವೆ."

"ಓಹೋ. ಪಾಪ, ನಡ್ಕಂಡೇ ಹೋಗ್ಲಿ."

ಬಿಟ್ಟವರು ಗ್ರೂಪಿನಲ್ಲಿ 'ಬಿಟ್ಟೆ' ಎಂದು ಹಾಕಬೇಕೆಂದು ಮಾತಾಗಿತ್ತು. ಹತ್ತು 'ಬಿಟ್ಟೆ' ಬಂದವು, ಜೊತೆಗೆ ಹತ್ತು ಸೆಲ್ಫಿ. ಹನ್ನೊಂದನೆಯ ತೋಟದ ಈರಣ್ಣನ ಸುದ್ದಿಯಿಲ್ಲ. ಸಿಂಧು ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವನ ಹೆಂಡತಿ ಗುರುಸಿದ್ದಮ್ಮ "ಮನೇಲಿಲ್ಲ" ಎಂದರು, ಚಿಕ್ಕಗೌರಮ್ಮ "ಬಸ್‌ಸ್ಟ್ಯಾಂಡ್ ಹೋಟೆಲ್ ನೋಡ್ರಿ" ಎಂದರು, ಕಲ್ಲೇಶ್ "ಇಲ್ಲೇ ನನ್ ಮುಂದೆ ವಡೆ ತಿಂತಾವ್ರೆ" ಎಂದು ಫೋಟೋ ಸಮೇತ ಹಾಕಿದ. ಹತ್ತು ನಿಮಿಷದಲ್ಲಿ ಕಲ್ಲೇಶನ ಬೈಕಿನಲ್ಲಿ ಈರಣ್ಣ ತೋಟಕ್ಕೆ ಬಂದ, ಕೈಯಲ್ಲಿ ಉಳಿದ ವಡೆ ಹಿಡಿದುಕೊಂಡೇ.

ಹದಿನೈದು ದಿನಕ್ಕೊಮ್ಮೆ ಇನ್ನೂ ಮೂರು ಸಲ ಬಿಟ್ಟರು. ಸಿಂಧು 'ಊಟ ಆಯ್ತಾ'ದ ಸದ್ದನ್ನು ನಿಲ್ಲಿಸಿಟ್ಟಿದ್ದಳು. ದಿನಕ್ಕೆರಡು ಸಲ ತಾನಾಗಿ ತೆರೆದು ಪೂರ್ತಿ ಓದುತ್ತಿದ್ದಳು. ಅವಳ ಹಳೆಯ ಗ್ರೂಪಿಗೆ ಕೆಲವರು ವಾಪಸ್ ಬಂದರು, ರೋಗದ ಫೋಟೋ ಹಾಕಲು ಮಾತ್ರ. 'ಊಟ ಆಯ್ತಾ'ದಲ್ಲಿ ಹಾಕಿದರೆ ಪಾಯಸದ ನಡುವೆ ಕಳೆದುಹೋಗುತ್ತದೆ ಎಂದು ಹನುಮಂತಯ್ಯನೇ ಹೇಳಿದರಂತೆ.

ಮೇ ಕೊನೆಯಲ್ಲಿ ಸಿಂಧು ದಕ್ಷಿಣದ ಅಂಚಿನ ಮರಗಳಿಂದ ಗರಿ ಕಡಿಸಿ ತಂದು ಜಗುಲಿಯ ಮೇಲೆ ಹರವಿದಳು. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು ಕೂತರು. ಅರ್ಧ ಎಣಿಸುವಷ್ಟರಲ್ಲಿ ಅವರು ಕೆಂಪಕ್ಕನ ತಂಗಿಯ ಮನೆಯ ವಿಷಯ ಶುರುಮಾಡಿದರು. ಸಿಂಧು ಆಸಕ್ತಿಯಿಂದ ಕೇಳುತ್ತ ಲೆಕ್ಕ ತಪ್ಪಿದಳು. ವಿಷಯ ಮುಗಿಯುವವರೆಗೆ ಕಾದು ಮೊದಲಿನಿಂದ ಎಣಿಸಿದಳು. ನೂರು ಎಲೆಗರಿಗೆ ಜೀವಂತ ಹುಳು: ಮಾರ್ಚಿನಲ್ಲಿ ನಲವತ್ತೇಳು, ಈಗ ಆರು.