ಕಮಲಾಕ್ಷಮ್ಮ ಕೊಬ್ಬರಿ ಮೂಟೆ ಅಲ್ಲ

ನಡೆಯಲು ಕಷ್ಟಪಡುವವರು ಮನೆಯಲ್ಲಿದ್ದರೆ ನಮ್ಮ ಕಡೆಯ ಜನಕ್ಕೆ ಗೊತ್ತಿರುವುದು ಒಂದೇ ಉಪಾಯ. ಪ್ಲಾಸ್ಟಿಕ್ ಕುರ್ಚಿ ತನ್ನಿ, ಕೂರಿಸಿ, ಎತ್ತಿ! ಕೂತವರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯುವುದಿಲ್ಲ.

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ದೇವೀರಪ್ಪನವರದೂ ಇದೇ ಉಪಾಯ. ಅವರ ಹೆಂಡತಿ ಕಮಲಾಕ್ಷಮ್ಮನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿದೆ. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾರೆ. ಹೊರಗೆ ಹೋಗಲು ಗಾಲಿಕುರ್ಚಿ ಬೇಕು. ಕಾಲು ಸೋತಿದೆ ಅಷ್ಟೆ, ನಾಲಿಗೆ ಮೊದಲಿಗಿಂತ ಚುರುಕಾಗಿದೆ.

ಮೊನ್ನೆ ಹಳೇಬೀಡಿನಲ್ಲಿ ನೆಂಟರ ಮದುವೆ. ಛತ್ರದ ಮುಂದೆ ಎತ್ತರದ ಮೆಟ್ಟಿಲು. ದೇವೀರಪ್ಪ ಹಿಂದುಮುಂದು ನೋಡದೆ, ಮಂಡಿಯಿಂದ ಜೊತೆಗೆ ಕರೆತಂದಿದ್ದ ಹಮಾಲರಿಗೆ, ಅಂದರೆ ಪುಟ್ಟರಾಜು ಮತ್ತು ಕರಿಯಯ್ಯನಿಗೆ, ಕೈಸನ್ನೆ ಮಾಡಿದರು. ಪಾಪ, ಅವರು ಮೂಟೆ ಎತ್ತಿ ಅಭ್ಯಾಸವಾದವರು. "ಹಾಂ, ಹಿಡ್ಕಳ್ಳಲಾ" ಎಂದು ಕಮಲಾಕ್ಷಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಕುರ್ಚಿ ವಾಲಿತು, ಕಮಲಾಕ್ಷಮ್ಮನ ಸೆರಗು ಜಾರಿತು. ವಾಲಗದವರು ಊದುವುದು ಬಿಟ್ಟು ನೋಡಿದರು. ಯಾವನೋ ಮಹಾಶಯ ಮೊಬೈಲ್ ತೆಗೆದು ವಿಡಿಯೋ ಮಾಡಿದ.

ಊಟಕ್ಕೆ ಕೂತಾಗ ಕಮಲಾಕ್ಷಮ್ಮನ ಕಣ್ಣು ಹಿಂಬಾಗಿಲಿಗೆ ಹೋಯಿತು. ಅಲ್ಲಿ ಅಡುಗೆಯವರು ಸಾರಿನ ಕೊಳಗವನ್ನು ತಳ್ಳುಗಾಡಿಯಲ್ಲಿಟ್ಟು, ಇಳಿಜಾರಿನ ದಾರಿಯಲ್ಲಿ ಸಲೀಸಾಗಿ ಒಳಗೆ ತರುತ್ತಿದ್ದರು.

"ನೋಡಿದ್ರಾ? ಸಾರಿನ ಕೊಳಗಕ್ಕೆ ದಾರಿ ಐತೆ, ನಂಗೆ ಇಲ್ಲ" ಎಂದರು ಗಂಡನಿಗೆ. "ಕೊಳಗ ಹೆಂಗೆ ಒಳಗೆ ಬತ್ತದೆ ಅಂತ ಯಾರೋ ಮೊದ್ಲೇ ಯೋಚ್ನೆ ಮಾಡವ್ರೆ. ನನ್ ಬಗ್ಗೆ ಯಾರೂ ಮಾಡ್ಲಿಲ್ಲ."

ಮಾತು ದೇವೀರಪ್ಪನವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕಮಲಾಕ್ಷಮ್ಮನಿಗೆ ಸಮುದ್ರ ನೋಡುವ ಆಸೆ ಬಹಳ ಹಿಂದಿನದು. "ನಮ್ಮನೆ ಕೊಬ್ಬರಿ ದೆಹಲಿ ನೋಡೈತೆ, ನಾನು ಮಂಗಳೂರೂ ನೋಡಿಲ್ಲ" ಎಂದು ಆಡಿಕೊಳ್ಳುತ್ತಿದ್ದರು. ಈ ಸಲ ಮಂಡಿಯವರೆಲ್ಲ ಸೇರಿ ಕೊಚ್ಚಿಯಿಂದ ದೊಡ್ಡ ಪ್ರವಾಸಿ ಹಡಗಿನಲ್ಲಿ ಸಮುದ್ರ ಸುತ್ತಿ ಬರುವುದೆಂದಾಯಿತು. ಮಗ ಇಂದ್ರೇಶ್ ಮನೆಯವರಿಗೂ ಟಿಕೆಟ್ ಮಾಡಿಸಿದ. ಅಮ್ಮನ ಕಾಲಿನ ವಿಷಯ ಮಾತ್ರ ಏಜೆಂಟಿಗೆ ಹೇಳಲಿಲ್ಲ. ಹೇಳಬೇಡವೆಂದವರು ದೇವೀರಪ್ಪನವರೇ.

ಭಾನುವಾರ ಇಂದು ಎಂಬುವಳು ಬಾಣಾವರದಿಂದ ಬಂದಳು. ಕಮಲಾಕ್ಷಮ್ಮನ ತಂಗಿಯ ಮಗಳು, ಶಾಲೆಯಲ್ಲಿ ಟೀಚರ್. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಊರುಗೋಲು ಹಿಡಿದೇ ಓಡಾಡುವವಳು. ಗೆಳತಿಯರ ಜೊತೆ ಹಡಗಿನ ಪ್ರವಾಸ ಮಾಡಿ ಬಂದಿದ್ದಳು.

"ದೊಡ್ಡಪ್ಪ, ವೀಲ್‌ಚೇರ್ ಹೋಗೋ ರೂಮು ತಗೊಂಡಿದ್ದೀರಾ?"

"ಅದೆಲ್ಲ ಯಾಕಮ್ಮ? ಕಾಲು ಸರಿ ಇಲ್ಲ ಅಂದ್ರೆ ಟಿಕೆಟೇ ಕೊಡಾಕಿಲ್ಲ. ಸುಮ್ನೆ ಹೋಗಿಬಿಟ್ರೆ ಆಮೇಲೆ ಏನ್ ಮಾಡ್ತಾರೆ? ಪುಟ್ಟರಾಜುಗೂ ಒಂದು ಟಿಕೆಟ್ ಮಾಡಿಸಿದ್ದೀನಿ. ಎತ್ಕೊತಾನೆ."

ಇಂದುವಿನ ಮುಖ ಕೆಂಪಾಯಿತು.

"ಬಚ್ಚಲಿಗೂ ಪುಟ್ಟರಾಜುನೇ ಎತ್ಕೊಂಡು ಹೋಗ್ತಾನಾ ದೊಡ್ಡಪ್ಪ? ಮಾಮೂಲಿ ರೂಮಲ್ಲಿ ಬಚ್ಚಲಿಗೆ ಹೊಸಿಲು ಇರ್ತದೆ, ಬಾಗಿಲು ಕಿರಿದು. ನಾನು ಹೋಗಿದ್ದ ಹಡಗಲ್ಲಿ ಅಗಲ ಬಾಗಿಲಿನ ರೂಮು ಬೇರೆ ಇತ್ತು, ಹಿಡ್ಕೊಳ್ಳಾಕೆ ಗೋಡೆಗೆ ಕಂಬಿನೂ ಇತ್ತು. ಅಂಥವು ಇರೋದೇ ನಾಕಾರು. ಮೊದ್ಲೇ ಕೇಳಿದೋರಿಗೆ ಸಿಗ್ತವೆ, ಮುಚ್ಚಿಟ್ಟೋರಿಗೆ ಎಲ್ಲಿಂದ ಸಿಗ್ಬೇಕು?"

"ನಾಕು ಜನದ ಮುಂದೆ ಹೇಳ್ಕಳಾಕೆ ಒಂಥರಾ..." ದೇವೀರಪ್ಪ ತಡವರಿಸಿದರು.

"ನಾಕು ಜನದ ಮುಂದೆ ನನ್ನ ಸೆರಗು ಜಾರಿದಾಗ ನಿಮಗೆ ಒಂಥರಾ ಆಗ್ಲಿಲ್ವಾ?"

ಕಮಲಾಕ್ಷಮ್ಮ ಕೂಗಲಿಲ್ಲ. ಆದರೆ ಆ ದನಿಗೆ ಸೊಸೆ ಶಿಲ್ಪಾ ಅಡುಗೆಮನೆಯಿಂದ ಹೊರಗೆ ಬಂದಳು. "ಇಂದ್ರೇಶ, ಏಜೆಂಟಿಗೆ ಫೋನ್ ಮಾಡು" ಎಂದರು ಕಮಲಾಕ್ಷಮ್ಮ. "ಇಲ್ಲಿ ಕೊಡು. ಕಾಲು ನಂದು, ನಾನೇ ಮಾತಾಡ್ತೀನಿ."

ಮಾತಾಡಿದರು. ಬಚ್ಚಲ ಬಾಗಿಲು ಎಷ್ಟು ಅಗಲ? ದಡದಿಂದ ಹಡಗಿಗೆ ಹತ್ತುವುದು ಹೇಗೆ? ಗಾಲಿಕುರ್ಚಿ ಅಲ್ಲೇ ಕೊಡುತ್ತಾರೋ, ನಮ್ಮದೇ ಒಯ್ಯಬೇಕೋ?

"ಮೇಡಂ, ಇದನ್ನ ಬುಕ್ ಮಾಡುವಾಗಲೇ ಹೇಳ್ಬೇಕಿತ್ತು" ಎಂದ ಏಜೆಂಟ್. "ನಿಮಗೆ ಸಿಕ್ಕಿರೋ ರೂಮಿಗೆ ವೀಲ್‌ಚೇರ್ ಹೋಗಲ್ಲ. ಅಗಲ ಬಾಗಿಲಿನ ರೂಮು ಈ ಸಲ ಖಾಲಿ ಇಲ್ಲ, ಮುಂದಿನ ತಿಂಗಳ ಹಡಗಲ್ಲಿ ಇದೆ. ಇನ್ನೊಂದು ವಿಷ್ಯ. ಒಂದು ಕಡೆ ಹಡಗು ದೂರದಲ್ಲೇ ನಿಲ್ಲುತ್ತೆ, ಸಣ್ಣ ದೋಣಿಗೆ ಇಳಿಬೇಕು. ಅಲೆ ಜಾಸ್ತಿ ಇದ್ರೆ ನಿಮ್ಮನ್ನ ಇಳಿಸೋಕಾಗಲ್ಲ. ಅಲ್ಲಿ ನೀವು ಹಡಗಲ್ಲೇ ಇರ್ಬೇಕಾಗಬಹುದು."

"ಇರ್ತೀನಿ ಬಿಡಪ್ಪ. ಈಗಲೇ ಹೇಳಿದ್ಯಲ್ಲ, ಅಷ್ಟು ಸಾಕು."

ದೇವೀರಪ್ಪ ಗೊಣಗಿದರು. "ಮಂಡಿಯೋರೆಲ್ಲ ಈ ತಿಂಗಳೇ ಹೋಗ್ತಾವ್ರಲ್ಲೇ."

"ನೀವು ಅವರ ಜೊತೆಗೇ ಹೋಗ್ಬನ್ನಿ. ನಾನು ಮುಂದಿನ ತಿಂಗಳು ಇಂದು ಜೊತೆ ಹೋಗ್ತೀನಿ. ಮೂಟೆ ಥರ ಹೋಗೋದಾದ್ರೆ ನಂಗೆ ಸಮುದ್ರನೇ ಬ್ಯಾಡ."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ದೇವೀರಪ್ಪ ಎದ್ದು ಬಂದು ಹೆಂಡತಿಯ ಪಕ್ಕ ಕೂತರು. ಆಮೇಲೆ ಅವರ ಬಾಯಿಂದ, ಲಕ್ವ ಹೊಡೆದ ಮೇಲೆ ಮೊದಲ ಸಲ, ಆ ಮಾತು ಬಂತು. "ನಿಂಗೆ ಹೆಂಗೆ ಅನುಕೂಲ ಹೇಳು ಕಮಲಾ. ಹಂಗೇ ಮಾಡಾನ."

ಟಿಕೆಟ್ ಬದಲಿಸಿಕೊಂಡು, ಮುಂದಿನ ತಿಂಗಳು ಮನೆಯವರೆಲ್ಲರೂ ಇಂದುವಿನ ಜೊತೆ ಒಟ್ಟಿಗೇ ಹೊರಟರು. ಡಾಕ್ಟರ ಚೀಟಿ ಮತ್ತು ಮಾತ್ರೆ ಹಡಗಿನವರು ಬೇರೆಯಾಗಿ ಸಾಗಿಸುವ ದೊಡ್ಡ ಪೆಟ್ಟಿಗೆಗೆ ಹೋಗಲಿಲ್ಲ, ಇಂದುವಿನ ಸಲಹೆಯಂತೆ ಶಿಲ್ಪಾಳ ಕೈಚೀಲದಲ್ಲೇ ಇದ್ದವು. ಬಂದರಿನಲ್ಲಿ ಹಡಗಿಗೆ ಹತ್ತುವ ಇಳಿಜಾರಿನ ಹತ್ತಿರ, ಯಾರೋ ಒಳ್ಳೆಯ ಮನಸ್ಸಿನವರು ಓಡಿಬಂದು ಗಾಲಿಕುರ್ಚಿಗೆ ಕೈಹಾಕಿದರು. ದೇವೀರಪ್ಪ ಅಡ್ಡ ನಿಂತರು.

"ತಡೀರಿ ಸ್ವಾಮಿ. ಮೊದ್ಲು ಅವಳನ್ನ ಕೇಳಿ."

ಕಮಲಾಕ್ಷಮ್ಮ ಹಡಗಿನ ಕಟಾಂಜನ ಹಿಡಿದು ಸಮುದ್ರ ನೋಡಿದರು. ಸಿಟ್ಟು ಅಲ್ಲಿಗೂ ಜೊತೆಗೆ ಬಂದಿತ್ತು. "ಇಷ್ಟು ನೀರು ಇಲ್ಲೇ ಇಟ್ಕಂಡು ಇಷ್ಟು ವರ್ಷ ನಂಗೆ ತೋರಿಸ್ಲಿಲ್ವಲ್ರೀ!"

ಓದುತ್ತಿರುವ ನಿಮಗೂ ಹೇಳುತ್ತೇನೆ, ಬೇಜಾರಾದರೆ ಆಗಲಿ. ಹಡಗಿರಲಿ, ರೈಲಿರಲಿ, ಪಕ್ಕದೂರಿನ ಮದುವೆ ಛತ್ರವೇ ಇರಲಿ, ನಡೆಯಲು ಕಷ್ಟಪಡುವವರ ಜೊತೆ ಹೊರಡುವ ಮೊದಲೇ ಒಂದು ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ. ದಾರಿ, ಬಾಗಿಲು, ಬಚ್ಚಲು ಹೇಗಿವೆ ಎಂದು ವಿಚಾರಿಸಿ. ಅದಕ್ಕೂ ಮೊದಲು ಮನೆಯಲ್ಲಿ ಕೂತಿರುವವರನ್ನು ವಿಚಾರಿಸಿ. ಮೂಟೆಗೆ ಬಾಯಿಲ್ಲ. ನಿಮ್ಮ ಅಮ್ಮನಿಗೆ ಇದೆ.