ಗೋದಾಬಾಯಿಯ ಏಕಾದಶಿ

ಭಕ್ತಿ ಎಂಬ ಮೊಮ್ಮಗಳನ್ನು ದಪ್ಪ ಮಾಡಿದ್ದು ಗೋದಾಬಾಯಿಯೇ. ಅದಕ್ಕೆ ಅವರಿಗೆ ನಾಚಿಕೆಯೇನೂ ಇರಲಿಲ್ಲ. ಅನ್ನದ ಮೇಲೆ ತುಪ್ಪ ಹರಿಯದಿದ್ದರೆ ಅದೆಂಥ ಊಟ, ಒಂದೇ ಬೇಸನ್ ಉಂಡಿ ಕೊಟ್ಟು ಡಬ್ಬಿ ಮುಚ್ಚುವವಳು ಅದೆಂಥ ಅಜ್ಜಿ? ಹದಿನೈದಕ್ಕೇ ಹುಡುಗಿ ಮೆಟ್ಟಿಲು ಹತ್ತಲು ಏದುಸಿರು ಬಿಡತೊಡಗಿದಳು. ಶಾಲೆಯಲ್ಲಿ ಆಡಿಕೊಂಡರೆಂದು ಬಚ್ಚಲುಮನೆಯಲ್ಲಿ ಕೂತು ಅಳತೊಡಗಿದಳು. ಆಗ ಮಗ ಪ್ರಾಣೇಶ ಎಲ್ಲರನ್ನೂ ಬೇಗಂಪೇಟೆಗೆ, ಸ್ನೇಹಲತಾ ಎಂಬ ಮನೋವೈದ್ಯೆಯ ಹತ್ತಿರ ಕರೆದೊಯ್ದ.

ಗುಳಿಗೆ ಬರೆದುಕೊಡುತ್ತಾಳೆಂದು ಗೋದಾಬಾಯಿ ಕಾದರು. ಸ್ನೇಹಲತಾ ಕೊಟ್ಟದ್ದು ಬರೀ ಮಾತು, ಅದೂ ಅರ್ಧ ತೆಲುಗು, ಅರ್ಧ ಹಿಂದಿ. ಹೊತ್ತುಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಸಂಜೆ ಜೊತೆಗೂಡಿ ನಡೆಯಬೇಕು, ಊಟ ಮಾತ್ರ ಬಿಡಿಸಬಾರದು. ತೂಕ ಇಳಿದದ್ದನ್ನು ಹೊಗಳಬೇಡಿ, ಒಳ್ಳೆಯ ಅಭ್ಯಾಸವನ್ನು ಹೊಗಳಿ. ದೊಡ್ಡವರು ಮಾಡಿದ್ದನ್ನೇ ಮಕ್ಕಳು ಮಾಡುತ್ತಾರೆ.

ಕೊನೆಯ ಎರಡು ಮಾತು ಗೋದಾಬಾಯಿಗೆ ಬಹಳ ಹಿಡಿಸಿದವು. ಉಳಿದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಅವರು ಒಂದು ಏಕಾದಶಿಯನ್ನೂ ತಪ್ಪಿಸಿದವರಲ್ಲ. ಆ ದಿನ ತುಟಿಗೆ ನೀರೂ ಸೋಂಕದು. ಮರುದಿನ ಬೆಳಗಿನ ಪಾರಣೆಯವರೆಗೆ ಬಾಯಿಗೆ ಬೀಗ. "ನಾನೂ ಮಾಡತೀನಜ್ಜಿ" ಎಂದು ಭಕ್ತಿ ಕೇಳಿದಾಗ ಮುದುಕಿಗೆ ಕಣ್ಣು ತುಂಬಿತು. ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದಿದ್ದೀತು? ಬಾಯಿ ತುಂಬ ಹೊಗಳಿದರು, ಮಠದಲ್ಲಿ ಎಲ್ಲರೆದುರು ಹೇಳಿಕೊಂಡರು. ಬರೀ ಗಲ್ಲ ಹಿಂಡಿಸಿಕೊಂಡು ಬೆಳೆದ ಹುಡುಗಿಗೆ ಮೆಚ್ಚುಗೆಯ ರುಚಿ ಹತ್ತಿತು.

ಏಕಾದಶಿಯ ಬೆನ್ನಿಗೆ ರಾಯರ ಗುರುವಾರ ಬಂತು. ಆಮೇಲೆ ಶನಿವಾರ, ಸೋಮವಾರ. ಸೊಸೆ ವಾಸಂತಿ ತಡೆಯಲು ನೋಡಿದಳು.

"ಅತ್ಯಾ, ಊಟ ಬಿಡಿಸಬ್ಯಾಡ್ರಿ ಅಂದಿದ್ರಲ್ಲ ಡಾಕ್ಟರ್ ಬಾಯಿ."

"ಊಟ ಬಿಡೋದು ಬ್ಯಾರೆ, ಉಪವಾಸ ಬ್ಯಾರೆ. ದೇವರ ಹೆಸರಿಲೆ ಮಾಡಲಿಕ್ಹತ್ಯಾಳ. ನಡುವ ಬಾಯಿ ಹಾಕಬ್ಯಾಡ."

ದೇವರ ಹೆಸರು ಬಂದ ಮೇಲೆ ಆ ಮನೆಯಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ. ಮತ್ತೆ ಬೇಗಂಪೇಟೆಗೆ ಹೋದಾಗ ಸ್ನೇಹಲತಾ ವಿಚಾರಿಸಿದರೆ ಭಕ್ತಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ ಎಂದಳು. ಪಕ್ಕದಲ್ಲಿದ್ದ ಗೋದಾಬಾಯಿ ಮಠದಲ್ಲಿ ಸಾರಿದ್ದನ್ನು ಇಲ್ಲಿ ನುಂಗಿಕೊಂಡರು. ಈ ಹೆಂಗಸಿಗೆ ಉಪವಾಸದ ಬೆಲೆ ಏನು ತಿಳಿದೀತು ಎಂಬ ಗರ್ವ ಅವರದು.

ಮರುವರ್ಷದ ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್‌ನಲ್ಲಿ, ಮಿರ್ಚಿ ಅಂಗಡಿಯ ಮುಂದೆ ಭಕ್ತಿ ಕುಸಿದು ಬಿದ್ದಳು. ಎತ್ತಿಕೊಂಡ ಪ್ರಾಣೇಶನಿಗೆ ಸಡಿಲ ಚೂಡಿದಾರದೊಳಗೆ ಮಗಳು ಕೈಗೇ ಸಿಗಲಿಲ್ಲ. ಹೃದಯ ಸೋತಿದೆ, ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದರು ಆಸ್ಪತ್ರೆಯಲ್ಲಿ. ಸ್ನೇಹಲತಾ ನೋಡಲು ಬಂದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಗೋದಾಬಾಯಿಗೆ ಅನ್ನಿಸಿತು.

ಮನೆಗೆ ಬಂದ ಮೇಲೂ ಭಕ್ತಿ ತುತ್ತು ಎತ್ತಲಿಲ್ಲ. ಕೇಳಿದರೆ ಪ್ರತಿದಿನಕ್ಕೂ ಒಬ್ಬ ದೇವರ ಹೆಸರು ಹೇಳುತ್ತಿದ್ದಳು.

ಏಕಾದಶಿ ಬಂತು. ಗೋದಾಬಾಯಿ ಜಪಮಾಲೆಯನ್ನು ದೇವರ ಮುಂದಿಟ್ಟು ಬಂದು ಮೊಮ್ಮಗಳ ಎದುರು ಕೂತರು.

"ವಾಸಂತಿ, ಮೆತ್ತಗ ಅನ್ನಾ ಮಾಡಿ ಸಾರು ಹಾಕಿ ತಾ. ಅಕಿಗಿ, ನನಗ."

ವಾಸಂತಿ ಅತ್ತೆಯ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು, ಅನ್ನ ಮಾಡಿ ಎರಡು ತಟ್ಟೆ ತಂದಿಟ್ಟಳು. ಪ್ರಾಣೇಶ ಬಾಗಿಲಿಗೆ ಬಂದವನು ಮುಖ ತಿರುಗಿಸಿದ.

"ನೋಡು ಪುಟ್ಟಿ, ನಾ ಉಣ್ಣಲಿಕ್ಹತ್ತೀನಿ. ಪಾಪ ಬಂದ್ರ ನನಗ ಬರಲಿ. ನೀನೂ ಉಣ್ಣು."

ಗೋದಾಬಾಯಿ ಮೊದಲ ತುತ್ತನ್ನು ನೀರು ಕುಡಿದು ಇಳಿಸಿದರು. ಎರಡನೆಯದನ್ನು ಕಣ್ಣು ಮುಚ್ಚಿ ನುಂಗಿದರು. ಜೀವಮಾನದ ಗಳಿಕೆ ಹೋದರೂ ಹೋಗಲಿ, ಈ ಒಂದು ಜೀವ ಉಳಿಯಲಿ ಎಂದು ಒಳಗೊಳಗೇ ಬೇಡಿಕೊಂಡರು.

ಭಕ್ತಿ ಅಜ್ಜಿಯನ್ನೇ ನೋಡುತ್ತಿದ್ದಳು. ಹುಡುಗಿಯ ಬತ್ತಿದ ಮುಖದಲ್ಲಿ ಕನಿಕರವಿತ್ತು.

"ನಿನ್ನ ಕೈಲೆ ಆಗಲಿಲ್ಲ ಹೌದಲ್ಲಜ್ಜಿ? ಇರಲಿ ಬಿಡು. ನಿನ್ನ ಏಕಾದಶಿನೂ ನಾನ ಮಾಡತೀನಿ."

ಹಾಗೆಂದು ತನ್ನ ತಟ್ಟೆಯನ್ನೂ ಅಜ್ಜಿಯ ಮುಂದೆ ಸರಿಸಿದಳು.