ಹಿಮನದಿಗೆ ಜರಡಿ ಇಲ್ಲ

ಕೋಡಿಂಬಾಳದ ಶಾಲೆಯಲ್ಲಿ ಮಹಾಗಣಪತಿ ಮಾಷ್ಟ್ರು ನಾಲ್ಕು ವರ್ಷದಿಂದ ತಾತ್ಕಾಲಿಕ. ಬುಧವಾರ ಇನ್‌ಸ್ಪೆಕ್ಟರು ಬಂದು ಒಂದು ಪಾಠ ನೋಡುತ್ತಾರೆ, ಒಪ್ಪಿದರೆ ಖಾಯಂ ಎಂದು ತಿಳಿದಂದಿನಿಂದ ಅವರಿಗೆ ಊಟ ಸೇರಿರಲಿಲ್ಲ. ಏಳನೇ ತರಗತಿಗೆ ಆ ವಾರ ಬಂದದ್ದಾದರೂ ಎಂಥ ಪಾಠ? ಹಿಮನದಿ! ಕ್ಯಾಲೆಂಡರಿನ ಕೈಲಾಸದಲ್ಲಿ ಬಿಟ್ಟರೆ ಹಿಮವನ್ನೇ ಕಾಣದ ಮನುಷ್ಯ. ಮಂಜುಗಡ್ಡೆ ಬಾಯಿಗೆ ಹಾಕಿದ್ದು ಒಂದೇ ಸಲ, ಪುತ್ತೂರಿನ ಸೋಡಾ ಅಂಗಡಿಯಲ್ಲಿ. ಅದನ್ನೂ ಹಲ್ಲು ಜುಮ್ಮೆಂದು ಉಗುಳಿದ್ದರು.

ಪುತ್ತೂರಿನ ಸಂಜೆ ತರಗತಿಯಲ್ಲಿ ಓದಿ ಪಾಸಾದವರು ಅವರು. ಹಗಲು ಕಲಿತವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ ಎಂಬ ಗುಮಾನಿ ಅವರನ್ನು ಬಿಟ್ಟಿರಲಿಲ್ಲ. ಹಾಗಾಗಿ ಪುಸ್ತಕದ ಒಂದಕ್ಷರವನ್ನೂ ಮೀರುತ್ತಿರಲಿಲ್ಲ. ಪುಸ್ತಕ ಹೇಳಿತ್ತು: 'ಹಿಮನದಿಯು ಬಂಡೆ, ಕಲ್ಲು, ಮರಳು, ಹುಡಿಮಣ್ಣನ್ನು ಹೊತ್ತು ತಂದು ತಾನು ಕರಗುವಲ್ಲಿ ರಾಶಿ ಹಾಕುತ್ತದೆ.'

ಮಾಷ್ಟ್ರು ಶಾಲೆಯ ಅಂಗಳದಲ್ಲಿ ಮಣ್ಣಿನ ಗುಡ್ಡ ಕಟ್ಟಿ, ಬೂರುಗದ ಹತ್ತಿ ಹಾಸಿ ಹಿಮ ಮಾಡಿದರು. ಕುಮಾರಧಾರೆಯಿಂದ ಗೋಣಿಯಲ್ಲಿ ಕಲ್ಲು ತಂದು ತೊಳೆದರು. ಮರಳನ್ನು ಮನೆಯ ಜರಡಿಯಲ್ಲಿ ಹಿಡಿದರು.

"ಅದು ಅಕ್ಕಿಹಿಟ್ಟಿನ ಜರಡಿ," ಎಂದಳು ಹೆಂಡತಿ ಈಶ್ವರಿ. "ನೀವು ಪಾಠ ಮಾಡುದಾ, ಶಾವಿಗೆ ಒತ್ತುದಾ?"

"ಖಾಯಂ ಆಗ್ಲಿ, ಹೊಸತು ತರ್ತೇನೆ."

"ನಾಲ್ಕು ವರ್ಷದಿಂದ ಎಷ್ಟೆಲ್ಲ ಹೊಸತು ಬರ್ಲಿಕ್ಕೆ ಉಂಟು! ಇಡ್ಲಿಕ್ಕೆ ಇನ್ನೊಂದು ಕೋಣೆ ಬೇಕು ಮಾರಾಯ್ರೆ."

ಗುಡ್ಡದ ಬುಡದಲ್ಲಿ ಮೊದಲು ಬಂಡೆ, ಆಮೇಲೆ ಕಲ್ಲು, ಆಮೇಲೆ ಮರಳು, ಕೊನೆಗೆ ಹುಡಿಮಣ್ಣು. ಪುಸ್ತಕದ ಪ್ರತಿಯೊಂದು ಅಲ್ಪವಿರಾಮಕ್ಕೂ ಮಾಷ್ಟ್ರು ಒಂದೊಂದು ಗೇಣು ಜಾಗ ಬಿಟ್ಟರು.

ಬುಧವಾರ ಬೆಳಿಗ್ಗೆ ಮರ ಸಾಗಿಸುವ ಲಾರಿಯ ಡ್ರೈವರ್ ಅದ್ರಾಮ ರೇಡಿಯೇಟರಿಗೆ ನೀರು ಕೇಳಿಕೊಂಡು ಶಾಲೆಯ ಬಾವಿಗೆ ಬಂದ. ಮೊದಲು ಮೂರು ವರ್ಷ ಲಡಾಖಿನಲ್ಲಿ ಮಿಲಿಟರಿ ಲಾರಿ ಓಡಿಸಿದವ.

"ಇದೆಂತ ಮಾಷ್ಟ್ರೆ?"

"ಹಿಮನದಿ ತಂದ ರಾಶಿ."

ಅದ್ರಾಮ ಕೊಡಪಾನ ಕೆಳಗಿಟ್ಟ. "ಗುಡಿಸಿದ್ದು ಯಾರು?"

"ಅಂದ್ರೆ?"

"ನಾನು ಅಲ್ಲಿ ಕಣ್ಣಾರೆ ನೋಡಿದ್ದಲ್ವಾ! ಮನೆಯಷ್ಟು ದೊಡ್ಡ ಬಂಡೆ, ಅದರ ಸಂದಿಯಲ್ಲೇ ಹಿಟ್ಟಿನ ಹಾಗೆ ಹುಡಿ. ಎಲ್ಲ ಒಟ್ಟಿಗೆ. ಕಲ್ಲಿಗೆಲ್ಲ ಮೂಲೆ, ಟಯರೇ ಹರೀತದೆ. ದೊಡ್ಡದು ಸಣ್ಣದು ಬೇರೆ ಮಾಡುದು ನಮ್ಮ ಹೊಳೆ. ಬರ್ಫಕ್ಕೆ ಜರಡಿ ಎಲ್ಲಿಂದ?"

"ಪುಸ್ತಕದಲ್ಲಿ ಹೀಗೇ ಉಂಟಲ್ಲ ಮಾರಾಯಾ..."

"ಪುಸ್ತಕ ಬರೆದವರ ಟಯರು ಪಂಚರ್ ಆಗ್ಲಿಲ್ಲ ಕಾಣ್ತದೆ," ಎಂದು ಅವನು ಲಾರಿ ಹತ್ತಿದ.

ಮಾಷ್ಟ್ರು ಪುಸ್ತಕ ತೆರೆದು ನೋಡಿದರು. ಪಾಪ, ಪುಸ್ತಕ ಸಾಲು ಎಂದಿರಲಿಲ್ಲ, ರಾಶಿ ಎಂದೇ ಇತ್ತು. ಸಾಲು ಇವರದ್ದು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದೇಬಿಟ್ಟರು.

"ಆಹಾ, ಎಷ್ಟು ಅಚ್ಚುಕಟ್ಟು!" ಎಂದು ಅವರು ಪೆನ್ನು ತೆಗೆದರು. "ಇಂಥ ಮಾದರಿ ನಾನು ಬೇರೆಲ್ಲೂ ನೋಡಲಿಲ್ಲ."

ಇನ್ನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಮಾಷ್ಟ್ರು ಪಳಗಿದವರೇ. ಆದರೆ ಎದುರಿಗೆ ಮೂವತ್ತು ಮಕ್ಕಳು ಆ ಸಾಲುಗಳನ್ನು ಗೇಣುಜಾಗದ ಸಮೇತ ಪುಸ್ತಕಕ್ಕೆ ಇಳಿಸುತ್ತಿದ್ದರು.

"ತಪ್ಪು ಸಾರ್," ಎಂದುಬಿಟ್ಟರು. "ಇದು ಹೊಳೆಯ ಕೆಲಸ. ಹಿಮನದಿ ಆರಿಸುದಿಲ್ಲ, ತಂದದ್ದನ್ನೆಲ್ಲ ಒಟ್ಟಿಗೇ ಸುರಿದು ಹೋಗ್ತದೆ."

ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಎರಡು ದಿನದ ದುಡಿಮೆಯನ್ನು ಎರಡೂ ಕೈಯಿಂದ ಕಲಸಿದರು. ಹುಡಿ ಇನ್‌ಸ್ಪೆಕ್ಟರ ಬೂಟಿಗೆ ಹಾರಿತು, ಹಿಮ ಮಾಷ್ಟ್ರ ಮೀಸೆಗೆ ಹತ್ತಿತು. ಮಕ್ಕಳಿಗೆ ಪಾಠ ಮೊದಲ ಬಾರಿ ರುಚಿಸಿತು.

"ಗೊತ್ತಿದ್ದೂ ಹಾಗೆ ಯಾಕೆ ಮಾಡಿದ್ರಿ?"

"ಗೊತ್ತಾದ್ದು ಈಗಷ್ಟೆ ಸಾರ್. ಲಾರಿ ಡ್ರೈವರಿಂದ."

ಇನ್‌ಸ್ಪೆಕ್ಟರು ಬೂಟು ಒರೆಸಿಕೊಂಡು ಬರೆದರು: 'ಪಾಠ ಸರಿ. ಮಾದರಿ ಗಲೀಜು. ಇನ್ನೊಂದು ವರ್ಷ ನೋಡುವುದು.'

ಮನೆಯಲ್ಲಿ ಈಶ್ವರಿ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಆ ಜರಡಿಯನ್ನೇ ತೊಳೆದು ಕೊಡಿ," ಎಂದಳು.

ಮರುವಾರ ಸಂಜೆ ಗುಡುಗುಮಳೆ ಹೊಡೆಯಿತು. ಬೆಳಿಗ್ಗೆ ಮಾಷ್ಟ್ರು ಬಂದು ನೋಡುತ್ತಾರೆ, ಕಲಸಿಟ್ಟ ರಾಶಿಯ ಹುಡಿಮಣ್ಣು ನೀರಿನೊಟ್ಟಿಗೆ ಗೇಟಿನ ತನಕ ಹರಿದಿದೆ, ನಡುವೆ ಮರಳು ಹರಡಿದೆ, ಗುಡ್ಡದ ಬುಡದಲ್ಲಿ ಕಲ್ಲುಗಳು ತೊಳೆದಿಟ್ಟ ಹಾಗೆ ನಿಂತಿವೆ. ಅವರು ಜೋಡಿಸಿದ್ದಕ್ಕಿಂತಲೂ ಅಚ್ಚುಕಟ್ಟು. ಇನ್‌ಸ್ಪೆಕ್ಟರು ಎಲ್ಲಾದರೂ ಇದ್ದಾರೆಯೇ ಎಂದು ಅವರು ಒಮ್ಮೆ ರಸ್ತೆ ಕಡೆ ಇಣುಕಿದರು. ಇರಲಿಲ್ಲ.

"ಏಳನೆಯವರು ಹೊರಗೆ ಬನ್ನಿ," ಎಂದು ಕರೆದರು. "ಇವತ್ತು ಹೊಳೆಯ ಪಾಠ."